ಕಚೇರಿಯ ಜಾಲಕ್ಕೆ ಹೊರಗಿನಿಂದ ಪ್ರವೇಶ: ವಿಪಿಎನ್ ಪೋರ್ಟಲ್ ಬಳಕೆ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ತಿಳಿವಳಿಕೆ



ಗ್ರಾಮ ಪಂಚಾಯತಿಯ ಆಸ್ತಿ ವಿವರ, ತೆರಿಗೆ ಬೇಡಿಕೆ, ಜಮಾ-ಖರ್ಚು, ಕಾಮಗಾರಿಯ ಬಿಲ್ಲು ಇವೆಲ್ಲವೂ ಇಂದು ಪಂಚತಂತ್ರ, ಇ-ಸ್ವತ್ತು, ಗಾಂಧಿ ಸಾಕ್ಷಿ ಕಾಯಕ, ಇ-ಗ್ರಾಮ ಸ್ವರಾಜ್ ಮೊದಲಾದ ತಂತ್ರಾಂಶಗಳಲ್ಲಿ ದಾಖಲಾಗುತ್ತಿವೆ. ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರಿನ ಒಂದು ಮನೆಯ ನಮೂನೆ-9, ಅಂದರೆ ನಮ್ಮ ಭಾಗದ ಜನರ ಮಾತಿನಲ್ಲಿ ‘ಉತಾರ’, ಊರಿನಲ್ಲಿಯೇ ಮುದ್ರಣಗೊಂಡು ಕೈಸೇರಬಹುದು. ಆದರೆ ಅದರ ಮೂಲ ದಾಖಲೆ ದೂರದ ಸರ್ಕಾರಿ ಸರ್ವರಿನಲ್ಲಿರುತ್ತದೆ. ಸಂಜೆ ಕಚೇರಿಯ ಬಾಗಿಲಿಗೆ ಬೀಗ ಹಾಕಿದ ನಂತರವೂ ಆ ದಾಖಲೆಗೆ ಪ್ರವೇಶದ ದಾರಿ ತೆರೆದೇ ಇರುತ್ತದೆ. ಆ ದಾರಿಯಲ್ಲಿ ಯಾರು, ಯಾವ ಗುರುತಿನ ಮೇಲೆ ಹೋಗುತ್ತಿದ್ದಾರೆ ಎಂಬುದನ್ನು ಸದಸ್ಯರು ತಿಳಿದಿರುವುದು ಅವಶ್ಯಕವಾಗಿದೆ.

ಒಬ್ಬ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಎರಡು ಪಂಚಾಯತಿಗಳ ಪ್ರಭಾರವಿದ್ದಾಗ, ಅಥವಾ ಅವರು ಗದಗಿನಲ್ಲಿ ಸಭೆಗೆ ಹೋಗಿರುವಾಗ, ಕಚೇರಿಯ ಕೆಲಸವನ್ನು ಹೊರಗಿನಿಂದಲೇ ಮಾಡಬೇಕಾಗುತ್ತದೆ. ಸರ್ಕಾರದ ತಂತ್ರಾಂಶಗಳಲ್ಲಿ ಕೆಲವು ಸಾಮಾನ್ಯ ಅಂತರಜಾಲದಲ್ಲಿ ತೆರೆದುಕೊಳ್ಳುತ್ತವೆ. ಇ-ಆಫೀಸ್‌ನಂಥ ಒಳಗಿನ ತಂತ್ರಾಂಶಗಳು ಸರ್ಕಾರದ ಸ್ವಂತ ಜಾಲದೊಳಗೆ ಮಾತ್ರ ತೆರೆದುಕೊಳ್ಳುತ್ತವೆ. ರಾಜಧಾನಿಯನ್ನು ಜಿಲ್ಲೆ ಹಾಗೂ ತಾಲ್ಲೂಕು ಕೇಂದ್ರಗಳೊಂದಿಗೆ ಜೋಡಿಸಿರುವ ‘ಕೆ-ಸ್ವಾನ್’ ನಮ್ಮ ರಾಜ್ಯದ ಅಂಥ ಜಾಲ. ಈ ಜಾಲದ ತಂತಿ ಇಲ್ಲದ ಸ್ಥಳದಲ್ಲಿರುವ ನೌಕರರನ್ನು ಅದರೊಳಗೆ ಬರಮಾಡಿಕೊಳ್ಳುವ ವ್ಯವಸ್ಥೆಯೇ ವಿಪಿಎನ್, ಅಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಆ ವ್ಯವಸ್ಥೆಯ ಹೆಬ್ಬಾಗಿಲಿಗೆ ವಿಪಿಎನ್ ಪೋರ್ಟಲ್ ಎನ್ನುತ್ತಾರೆ.

ಇದರ ಕಾರ್ಯವಿಧಾನವನ್ನು ಅಂಚೆ ಚೀಲದ ಉದಾಹರಣೆಯಿಂದ ತಿಳಿಯಬಹುದು. ಬಾಳೆಹೊಸೂರಿನಿಂದ ಗದಗಿಗೆ ಒಂದು ಮಹತ್ವದ ಕಾಗದವನ್ನು ಬಸ್ಸಿನಲ್ಲಿ ಕಳುಹಿಸಬೇಕಾಗಿದೆ ಎಂದುಕೊಳ್ಳೋಣ. ಕಾಗದವನ್ನು ಬಿಡಿಯಾಗಿ ಕೊಟ್ಟರೆ ದಾರಿಯಲ್ಲಿ ಯಾರಾದರೂ ಓದಬಹುದು, ತಿದ್ದಲೂಬಹುದು. ಅದೇ ಕಾಗದವನ್ನು ಅರಗಿನ ಮೊಹರು ಹಾಕಿದ ಚೀಲದಲ್ಲಿಟ್ಟು ಕಳುಹಿಸಿದರೆ, ಬಸ್ಸು ಅದೇ, ರಸ್ತೆಯೂ ಅದೇ, ಜೊತೆಯಲ್ಲಿ ಕುಳಿತ ಪ್ರಯಾಣಿಕರೂ ಅವರೇ. ಒಳಗೆ ಏನಿದೆ ಎಂಬುದು ಮಾತ್ರ ಅವರಿಗೆ ತಿಳಿಯದು. ಮೊಹರು ಒಡೆದಿದ್ದರೆ ಗದಗಿನಲ್ಲಿ ಚೀಲವನ್ನು ಸ್ವೀಕರಿಸುವುದೇ ಇಲ್ಲ. ವಿಪಿಎನ್ ಕೂಡ ನಮ್ಮ ಗಣಕಯಂತ್ರದಿಂದ ಹೊರಡುವ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿ ಸಾಮಾನ್ಯ ಅಂತರಜಾಲದ ಮೂಲಕವೇ ಸರ್ಕಾರದ ಜಾಲಕ್ಕೆ ತಲುಪಿಸುತ್ತದೆ.

ಆದರೆ ಈ ಉದಾಹರಣೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಚೀಲಕ್ಕೆ ಕಾಗದ ಹಾಕಿದವರು ಯಾರೆಂಬುದನ್ನು ಮೊಹರು ವಿಚಾರಿಸುವುದಿಲ್ಲ. ಮೊಹರಿನ ಮುದ್ರೆಯೇ ಬೇರೆಯವರ ಕೈಯಲ್ಲಿದ್ದರೆ ಸುಳ್ಳು ಕಾಗದವೂ ಅಷ್ಟೇ ಭದ್ರವಾಗಿ ಗದಗಿಗೆ ತಲುಪುತ್ತದೆ. ಗಣಕಯಂತ್ರದಲ್ಲಿ ವೈರಸ್ ಇದ್ದರೆ ಅದಕ್ಕೂ ಈ ಸುರಕ್ಷಿತ ದಾರಿ ಸಿಕ್ಕಂತಾಗುತ್ತದೆ. ವಿಪಿಎನ್ ಇದೆ, ಆದ್ದರಿಂದ ಚಿಂತೆಯಿಲ್ಲ ಎಂಬ ಮಾತನ್ನು ಈ ಕಾರಣದಿಂದ ಅರ್ಧ ಮಾತ್ರ ನಂಬಬೇಕು.

ಪೋರ್ಟಲ್ ಬಳಸುವ ಕ್ರಮ ಕಠಿಣವೇನಲ್ಲ. ಮೇಲಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸಿದ ನೌಕರರಿಗೆ ಅವರ ಹೆಸರಿನಲ್ಲಿ ಖಾತೆ ದೊರೆಯುತ್ತದೆ. ಪೋರ್ಟಲಿನ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿ ತೆರೆಯಬಾರದು, ಕೈಯಿಂದಲೇ ಟೈಪ್ ಮಾಡಬೇಕು. ಸರ್ಕಾರಿ ಜಾಲತಾಣದ ಹೆಸರು ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಈ ಅಕ್ಷರಗಳು ಹೆಸರಿನ ನಡುವೆ ಎಲ್ಲಿಯೋ ಇದ್ದರೆ ಸಾಲದು, ಮೊದಲನೆಯ ಒಂಟಿ ಓರೆಗೆರೆಗೆ ಮುಂಚೆ ಕೊನೆಯಲ್ಲಿಯೇ ಇರಬೇಕು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ನೀಡಿದ ಮೇಲೆ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ನಮೂದಿಸಿದಾಗ, ಆ ನೌಕರರಿಗೆ ಅನುಮತಿ ಇರುವ ತಂತ್ರಾಂಶಗಳು ಮಾತ್ರ ಲಭ್ಯವಾಗುತ್ತವೆ. ವಿದ್ಯುತ್ ಅಥವಾ ನೆಟ್‌ವರ್ಕ್ ಹೋಗಿ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಪ್ರವೇಶಿಸಬೇಕಾಗುತ್ತದೆ. ಇದು ಬೇಸರ ತರಿಸುವುದು ನಿಜ, ಆದರೆ ಈ ಬೇಸರವನ್ನು ತಪ್ಪಿಸಲು ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಿಡುವುದು ಸರಿಯಲ್ಲ. ಕೆಲಸ ಮುಗಿದಾಗ ಲಾಗೌಟ್ ಒತ್ತಬೇಕು. ಕಿಟಕಿ ಮುಚ್ಚಿದ ಮಾತ್ರಕ್ಕೆ ಸಂಪರ್ಕ ಮುಗಿದಿದೆ ಎನ್ನಲಾಗದು. ಝೆರಾಕ್ಸ್ ಅಂಗಡಿ ಅಥವಾ ಸೈಬರ್ ಕೇಂದ್ರದ ಗಣಕಯಂತ್ರದಿಂದ ಪೋರ್ಟಲ್ ತೆರೆಯುವುದು ಎಂದಿಗೂ ಬೇಡ. ಅಲ್ಲಿ ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಟ್ಟುಕೊಳ್ಳುವ ತಂತ್ರಾಂಶವಿದ್ದರೆ ನಮಗೆ ಕಾಣುವುದಿಲ್ಲ.

ಮೊಬೈಲಿನ ಪ್ಲೇ ಸ್ಟೋರಿನಲ್ಲಿ ಉಚಿತವಾಗಿ ಸಿಗುವ ವಿಪಿಎನ್ ಆ್ಯಪ್‌ಗಳಿಗೂ ಕಚೇರಿಯ ವಿಪಿಎನ್‌ಗೂ ಹೆಸರು ಒಂದೇ ಆದರೂ ಉದ್ದೇಶ ಬೇರೆ. ಕಚೇರಿಯ ವಿಪಿಎನ್ ನಮ್ಮ ಚೀಲವನ್ನು ನಮ್ಮದೇ ಕಚೇರಿಗೆ ಒಯ್ಯುತ್ತದೆ. ಉಚಿತ ಆ್ಯಪ್ ಯಾರೋ ಅಪರಿಚಿತರ ಸರ್ವರಿಗೆ ಒಯ್ದು, ಅಲ್ಲಿಂದ ಮುಂದಕ್ಕೆ ಕಳುಹಿಸುತ್ತದೆ. ಜೂನ್ 2022ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗಾಗಿ ಹೊರಡಿಸಲಾದ ಸೈಬರ್ ಭದ್ರತಾ ಮಾರ್ಗಸೂಚಿಯು ನಾರ್ಡ್ ವಿಪಿಎನ್, ಎಕ್ಸ್‌ಪ್ರೆಸ್ ವಿಪಿಎನ್‌ನಂಥ ಖಾಸಗಿ ಸೇವೆಗಳನ್ನು ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಆಂತರಿಕ ಸರ್ಕಾರಿ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಇಡಬಾರದು, ಕ್ಯಾಮ್‌ಸ್ಕ್ಯಾನರ್‌ನಂಥ ಹೊರಗಿನ ಆ್ಯಪ್‌ಗಳಿಂದ ಸ್ಕ್ಯಾನ್ ಮಾಡಬಾರದು ಎಂದೂ ಅದರಲ್ಲಿದೆ. ಆ ಮಾರ್ಗಸೂಚಿ ಕೇಂದ್ರದ ನೌಕರರಿಗಾಗಿ ಬಂದದ್ದಾದರೂ, ಠರಾವಿನ ಪ್ರತಿ ಮತ್ತು ಫಲಾನುಭವಿಗಳ ಆಧಾರ್ ಕಾರ್ಡುಗಳನ್ನು ದಿನವೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ನಮ್ಮ ಕಚೇರಿಗಳಿಗೂ ಅದು ಅಷ್ಟೇ ಒಪ್ಪುತ್ತದೆ.

ಪಂಚಾಯತಿಯ ಮಟ್ಟದಲ್ಲಿ ಹೆಚ್ಚಿನ ಅಪಾಯವಿರುವುದು ಖಾತೆಯ ಹಸ್ತಾಂತರದಲ್ಲಿ. ಪಂಚಾಯತಿಯ ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿ ಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯಲಿ ಎಂಬುದೇ ಇದರ ಆಶಯ. ಎರಡೂ ಡೋಂಗಲ್‌ಗಳು ಒಂದೇ ಮೇಜಿನ ಡ್ರಾವರಿನಲ್ಲಿದ್ದು, ಎರಡರ ಪಿನ್ ಸಂಖ್ಯೆಯೂ ಒಬ್ಬರಿಗೇ ತಿಳಿದಿದ್ದರೆ ಆ ತಡೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಖಾತೆ ತೆರೆಯುವಾಗ ‘ಸದ್ಯಕ್ಕೆ’ ಎಂದು ಆಪರೇಟರರ ಮೊಬೈಲ್ ಸಂಖ್ಯೆಯನ್ನು ಕೊಟ್ಟು ನಂತರ ಬದಲಿಸದೆ ಬಿಟ್ಟರೂ ಇದೇ ಸ್ಥಿತಿ. ಆಗ ಒಟಿಪಿ ಹೋಗುವುದು ಖಾತೆದಾರರಿಗಲ್ಲ, ಆಪರೇಟರರಿಗೆ. ಎರಡನೆಯ ಬೀಗವನ್ನು ಹಾಕಿ ಅದರ ಕೀಲಿಯನ್ನು ಮೊದಲನೆಯ ಬೀಗಕ್ಕೇ ತೂಗುಹಾಕಿದಂತೆ.

ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಶೇಕಡಾ 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅಧ್ಯಕ್ಷೆಯಾದವರು ತಮ್ಮ ಡೋಂಗಲನ್ನು ಪತಿಯ ಅಥವಾ ಮತ್ತೊಬ್ಬರ ಕೈಗೆ ಒಪ್ಪಿಸುವಂತೆ ಮನೆಯಲ್ಲಿಯೋ ಕಚೇರಿಯಲ್ಲಿಯೋ ಒತ್ತಾಯ ಬರುವುದುಂಟು. ಅಂಥ ಸಂದರ್ಭದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಕಲಮನ್ನು ಅವರು ನೆನಪಿಸಬಹುದು. ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ಸಹಿದಾರರು ಸೂಕ್ತ ಎಚ್ಚರಿಕೆ ವಹಿಸಬೇಕೆಂದು ಆ ಕಲಮು ಹೇಳುತ್ತದೆ. ಕೀಲಿ ಕೈತಪ್ಪಿದ ಸಂಗತಿಯನ್ನು ಪ್ರಮಾಣಪತ್ರ ನೀಡಿದ ಸಂಸ್ಥೆಗೆ ತಿಳಿಸುವವರೆಗೆ ಹೊಣೆ ಸಹಿದಾರರದ್ದೇ ಎಂಬ ವಿವರಣೆಯೂ ಅದರಲ್ಲಿಯೇ ಇದೆ. ಬಿಲ್ಲಿಗೆ ಬೇರೆಯವರು ಸಹಿ ಒತ್ತಿದರೂ, ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ಉತ್ತರ ಕೇಳುವುದು ಅಧ್ಯಕ್ಷೆಯನ್ನು. ಇನ್ನೊಬ್ಬರ ಪಾಸ್‌ವರ್ಡನ್ನೋ ವಿದ್ಯುನ್ಮಾನ ಸಹಿಯನ್ನೋ ಮೋಸದಿಂದ ಬಳಸಿದವರಿಗೆ ಅದೇ ಕಾಯ್ದೆಯ 66ಸಿ ಕಲಮಿನಡಿ 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ತಾವಾಗಿಯೇ ಕೊಟ್ಟ ಡೋಂಗಲಿನ ವಿಷಯದಲ್ಲಿ ‘ಮೋಸವಾಯಿತು’ ಎಂದು ತೋರಿಸುವುದು ಎಷ್ಟು ಕಷ್ಟವೆಂಬುದನ್ನು ಸದಸ್ಯರೇ ಊಹಿಸಬಹುದು.

ಹೊರಗಿನವರ ಕೈಯೂ ಸಣ್ಣದಲ್ಲ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೆ ಕನ್ನ ಹಾಕಿ, ಟೆಂಡರಿಗಾಗಿ ಇಟ್ಟಿದ್ದ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಿದ ಪ್ರಕರಣವನ್ನು ಸಿಐಡಿ ತನಿಖೆಗೆ ಒಳಪಡಿಸಬೇಕಾಯಿತು. ಖಜಾನೆಯ ಬೀಗವನ್ನು ಯಾರೂ ಮುರಿದಿರಲಿಲ್ಲ.

ಇನ್ನು, ‘ಸಾಫ್ಟ್‌ವೇರ್ ಸರಿಪಡಿಸುತ್ತೇವೆ, ಎನಿಡೆಸ್ಕ್ ಹಾಕಿಕೊಳ್ಳಿ, ಅದರ ಸಂಖ್ಯೆ ಹೇಳಿ’ ಎಂದು ಬರುವ ಕರೆಗಳ ವಿಷಯ. ಎನಿಡೆಸ್ಕ್‌ನಂಥ ತಂತ್ರಾಂಶವು ವಿಪಿಎನ್ ಅಲ್ಲ. ಅದು ನಮ್ಮ ಪರದೆಯನ್ನೂ ಮೌಸನ್ನೂ ದೂರದವರ ಕೈಗೆ ಕೊಡುತ್ತದೆ. ಪೋರ್ಟಲ್ ತೆರೆದಿದ್ದು ಡೋಂಗಲ್ ಸಿಕ್ಕಿಸಿದ್ದಾಗ ಹಾಗೆ ಕೊಟ್ಟರೆ, ಮೊಹರಿನ ಒಳಗೇ ಅಪರಿಚಿತರನ್ನು ಕೂರಿಸಿದಂತಾಗುತ್ತದೆ. ತಾಲ್ಲೂಕು ಪಂಚಾಯತಿಯ ಪರಿಚಿತ ಸಿಬ್ಬಂದಿಯೇ ಕೇಳಿದ್ದರೂ, ನಾವು ಅವರ ಸಂಖ್ಯೆಗೆ ತಿರುಗಿ ಕರೆ ಮಾಡಿ ಖಚಿತಪಡಿಸಿಕೊಂಡು, ಡೋಂಗಲ್ ತೆಗೆದು, ಕೆಲಸ ಮುಗಿಯುವವರೆಗೆ ಪರದೆಯ ಮುಂದೆಯೇ ಕುಳಿತಿರುವುದು ಯೋಗ್ಯ.

ಇದರಲ್ಲಿ ಸದಸ್ಯರ ಪಾತ್ರವೇನೆಂಬ ಪ್ರಶ್ನೆ ಸಹಜ. ಪೋರ್ಟಲನ್ನು ತಾವೇ ನಡೆಸಬೇಕಾಗಿಲ್ಲ, ಪ್ರಶ್ನೆ ಕೇಳಿದರೆ ಸಾಕು. ಪಂಚಾಯತಿಯ ಹೆಸರಿನಲ್ಲಿ ಯಾವ ಯಾವ ತಂತ್ರಾಂಶಗಳಿಗೆ ಯಾರ ಯಾರ ಖಾತೆಗಳಿವೆ, ಪ್ರತಿ ಖಾತೆಗೆ ಯಾರ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ, ಡೋಂಗಲ್‌ಗಳು ಯಾರ ಬಳಿ ಇವೆ ಎಂಬ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದೆ ಇಡುವಂತೆ ಕೇಳಬಹುದು. ಪಾಸ್‌ವರ್ಡ್ ಕೇಳುವುದು ಬೇಡ. ಅದು ಸಭೆಗೂ ತಿಳಿಯಬಾರದ ವಿಷಯ. ನೌಕರರ ವರ್ಗಾವಣೆಯಾದಾಗ, ಆಪರೇಟರರು ಕೆಲಸ ಬಿಟ್ಟಾಗ, ಅಧ್ಯಕ್ಷರು ಬದಲಾದಾಗ ಹಳೆಯ ಖಾತೆ ಯಾವ ದಿನಾಂಕದಂದು ನಿಷ್ಕ್ರಿಯವಾಯಿತು ಎಂಬುದನ್ನು ನಡಾವಳಿಯಲ್ಲಿ ದಾಖಲಿಸುವುದು ಬಹಳ ಉಪಯುಕ್ತ. ಕಪಾಟಿನ ಕೀಲಿಯನ್ನು ಹಸ್ತಾಂತರ ಪಟ್ಟಿಯಲ್ಲಿ ಬರೆಯುವ ನಾವು ಲಾಗಿನ್ನನ್ನು ಬರೆಯದೆ ಬಿಡುತ್ತೇವೆ.

ಡೋಂಗಲ್ ಕಳೆದಿದೆ, ಅಥವಾ ತಾವು ಪ್ರವೇಶಿಸದ ವೇಳೆಯಲ್ಲಿ ಒಟಿಪಿ ಬಂದಿದೆ ಎಂದಾದರೆ ಸೋಮವಾರದವರೆಗೆ ಕಾಯಬಾರದು. ಒಟಿಪಿಯನ್ನು ಯಾರಿಗೂ ಹೇಳದೆ, ಬೇರೆ ಸುರಕ್ಷಿತ ಗಣಕಯಂತ್ರದಿಂದ ಪಾಸ್‌ವರ್ಡ್ ಬದಲಿಸಿ, ಪಿಡಿಒ ಮೂಲಕ ತಾಲ್ಲೂಕು ಪಂಚಾಯತಿಗೆ ಲಿಖಿತವಾಗಿ ತಿಳಿಸಬೇಕು. ಡೋಂಗಲ್ ಆಗಿದ್ದರೆ ಪ್ರಮಾಣಪತ್ರವನ್ನು ರದ್ದುಪಡಿಸಲು ಕೋರಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯ 28 ಏಪ್ರಿಲ್ 2022ರ ನಿರ್ದೇಶನವು ಸರ್ಕಾರಿ ಸಂಸ್ಥೆಗಳಿಗೂ ವಿಧಿಸಿದೆ. ಹಣ ಹೋಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.