ಯಾವ ಊರಿನ ಮಗು, ಯಾವುದಕ್ಕೆ ಕಾಯಿತು?

ನಾಲ್ಕೈದು ವರ್ಷದ ಮಗುವಿನ ಮುಂದೆ ಒಂದು ಮಾರ್ಷ್‌ಮೆಲ್ಲೊ ಮಿಠಾಯಿ. 'ನಾನು ಬರುವ ತನಕ ತಿನ್ನದೆ ಇದ್ದರೆ ಎರಡು ಕೊಡುತ್ತೇನೆ' ಎಂದು ಹೇಳಿ ಸಂಶೋಧಕರು ಹೊರಗೆ ಹೋಗುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಗೆ ಶುರುಮಾಡಿದ ಪ್ರಯೋಗವಿದು. ಹೆಚ್ಚು ಹೊತ್ತು ಕಾದ ಮಕ್ಕಳೇ ಮುಂದೆ ಓದಿನಲ್ಲೂ ಮುಂದಿದ್ದರು ಎಂದು 1990ರ ವರದಿಯೊಂದು ಹೇಳಿದ ಮೇಲಂತೂ ಇದು ಜಗತ್ತಿನ ತಂದೆತಾಯಿಯರಿಗೆಲ್ಲ ಪಾಠವಾಯಿತು.

ಆದರೆ ಅಲ್ಲಿ ಕಾದವರು ಒಂದೇ ಕ್ಯಾಂಪಸ್ಸಿನ ಸುತ್ತಲಿನ ಕೆಲವೇ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಬೇರೆಬೇರೆ ಹಿನ್ನೆಲೆಯ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದರು. ಕಾಯುವಿಕೆಗೂ ಓದಿಗೂ ಇದ್ದ ನಂಟು ಅರ್ಧಕ್ಕಿಳಿದಿತ್ತು, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತಂದಾಗ ಇನ್ನಷ್ಟು ಸೊರಗಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಜಪಾನಿನ ಮಕ್ಕಳನ್ನೂ ನೋಡಿದ ಕೆಲಸ. ಕೈಚಿ ಯನಾಓಕಾ, ಯೂಕೋ ಮುನಕಾತಾ, ಸತೋರು ಸೈತೋ ಮತ್ತಿತರರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಾನ್ ಮತ್ತು ಅಮೆರಿಕದ 144 ಮಕ್ಕಳಿದ್ದರು. ಕೆಲವರ ಮುಂದೆ ಮಿಠಾಯಿ ಇಟ್ಟರು; ಉಳಿದವರ ಮುಂದೆ ಕಾಗದ ಸುತ್ತಿದ ಉಡುಗೊರೆ. ಮಾಡಿದ ಬದಲಾವಣೆ ಇಷ್ಟೇ. ಜಪಾನಿನ ಮಕ್ಕಳು ಉಡುಗೊರೆಗಿಂತ ತಿಂಡಿಗೆ ಸುಮಾರು ಮೂರು ಪಟ್ಟು ಹೆಚ್ಚು ಹೊತ್ತು ಕಾದರು. ಅಮೆರಿಕದ ಮಕ್ಕಳದ್ದು ಪೂರ್ತಿ ತಿರುಗುಮುರುಗು: ತಿಂಡಿಗಿಂತ ಉಡುಗೊರೆಗೆ ಸುಮಾರು ನಾಲ್ಕು ಪಟ್ಟು!

ಸಂಶೋಧಕರು ಇದಕ್ಕೆ ಕಾರಣವನ್ನು ಮನೆಯ ರೂಢಿಯಲ್ಲಿ ಹುಡುಕಿದರು. ಜಪಾನಿನಲ್ಲಿ ಎಲ್ಲರಿಗೂ ಬಡಿಸಿ, ಒಟ್ಟಿಗೆ 'ಇತದಾಕಿಮಾಸು' ಎಂದ ಮೇಲೆಯೇ ಊಟ. ನೈವೇದ್ಯವಾಗುವ ತನಕ ಹೋಳಿಗೆ ಮುಟ್ಟಬಾರದೆಂದು ಕಲಿತ ನಮ್ಮ ಮಕ್ಕಳಿಗೆ ಈ ಕಾಯುವಿಕೆ ಹೊಸದಲ್ಲ. ಉಡುಗೊರೆಯೋ ಜಪಾನಿನಲ್ಲಿ ವರ್ಷವಿಡೀ ಒಂದಲ್ಲ ಒಂದು ನೆಪಕ್ಕೆ ಸಿಗುತ್ತದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಬರುವ ತನಕ ಅದು ಮರದ ಕೆಳಗೆ ಕಣ್ಣೆದುರೇ ಇದ್ದರೂ ಕಾಯಬೇಕು.

ತಿಂಡಿಯನ್ನಷ್ಟೇ ಇಟ್ಟಿದ್ದರೆ ಜಪಾನಿನ ಮಕ್ಕಳು ಸಂಯಮಿಗಳು ಎಂದು ಬರೆಯುತ್ತಿದ್ದರು. ಉಡುಗೊರೆಯನ್ನಷ್ಟೇ ಇಟ್ಟಿದ್ದರೆ ಚಂಚಲರು ಎಂದು. ಒಂದೇ ನಾಡಿನ ಮಕ್ಕಳ ಬಗ್ಗೆ ಎರಡು ತೀರ್ಪು, ಎರಡೂ ಅಂಕಿಅಂಶದ ಸಮೇತ. ಹಾಗಾಗಿ ಮರುಪ್ರಯೋಗವೆಂದರೆ ಹಳೆಯದನ್ನು ಅಚ್ಚೊತ್ತಿದಂತೆ ಮತ್ತೆ ಮಾಡುವುದಷ್ಟೇ ಆಗಬಾರದು. ಮಾದರಿಗೆ ಆರಿಸಿಕೊಂಡವರು ಯಾವ ರೂಢಿಯಲ್ಲಿ ಬೆಳೆದವರು ಎಂಬುದೂ ಪ್ರಯೋಗದ ಭಾಗವೇ. 2010ರಲ್ಲಿ ಜೋಸೆಫ್ ಹೆನ್ರಿಚ್ ಮತ್ತಿಬ್ಬರು ಸಂಶೋಧಕರು ಎಚ್ಚರಿಸಿದ್ದೂ ಇದನ್ನೇ: ಪಾಶ್ಚಾತ್ಯ ಸಿರಿವಂತ ದೇಶಗಳ ವಿದ್ಯಾವಂತರನ್ನು ನೋಡಿ ಇಡೀ ಮನುಕುಲದ ಮನಸ್ಸನ್ನು ವರ್ಣಿಸುತ್ತಿದ್ದೇವೆ ಎಂದು.

ನಮ್ಮ ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳು ಕಲಬುರಗಿಯ, ಕೊಡಗಿನ, ಮಂಡ್ಯದ ಅಂಗನವಾಡಿ ಮಕ್ಕಳೊಂದಿಗೆ ಇಂಥ ಅಧ್ಯಯನಗಳನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ, ಒಂದು ಮಿಠಾಯಿಯ ಆಧಾರದ ಮೇಲೆ ಯಾವ ಮಗುವಿಗೂ ಭವಿಷ್ಯ ಹೇಳಬೇಡಿ.