ಸಿದ್ದಿ ಹೆಣ್ಣುಮಕ್ಕಳ ಕೌದಿ

ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ ಕೌದಿ. ಯಾದಗಿರಿ, ಶಹಾಪುರ, ಸುರಪುರದ ಊರುಗಳಲ್ಲಿ ಕೌದಿಗೆ ಪರಿಚಯ ಬೇಕಿಲ್ಲ. ಬಾಣಂತಿಗೂ ತೊಟ್ಟಿಲ ಕೂಸಿಗೂ ಅದೇ ಹಾಸಿಗೆ, ಅದೇ ಹೊದಿಕೆ. ದಸರೆಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೋ ಬಾವಿಗೋ ಒಯ್ದು ಒಗೆದು ಹರವುವ ರೂಢಿ ಈ ಸೀಮೆಯದು. ಇದೇ ಕೌದಿಯ ಇನ್ನೊಂದು ಕವಲು ಉತ್ತರ ಕನ್ನಡದ ಕಾಡಿನ ಊರುಗಳಲ್ಲಿ ಬೆಳೆದಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಈ ಕೌದಿಗೆ ಅವರ ಮಾತಿನಲ್ಲಿ ‘ಕವಂದಿ’ ಎಂಬ ಹೆಸರು. ಆಫ್ರಿಕಾ ಮೂಲದ ಸಮುದಾಯವೊಂದರ ಹೆಂಗಸರು ಕನ್ನಡ ನೆಲದಲ್ಲಿ ಕಟ್ಟಿಕೊಂಡ ಚಿತ್ರಕಲೆಯೆಂದೇ ಇದನ್ನು ನೋಡಬೇಕು.

ಹೊಲಿಗೆಗೆ ಮೊದಲು ಅಡಿಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಮೂಲೆಯಿಂದ ಕೆಲಸ ಶುರು. ಬಟ್ಟೆಯ ತುಂಡುಗಳ ಅಂಚು ಮಡಚಿ, ಸೀರೆಯ ಮೇಲಿಟ್ಟು, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾಲುಹೊಲಿಗೆ ಹಾಕುತ್ತ ಅಂಚಿನ ಗುಂಟ ಸುತ್ತು ಬರುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು. ಹೀಗೆ ಹೊಲಿಗೆ ನಡುವಿಗೆ ಬಂದು ಮುಟ್ಟುತ್ತದೆ. ಮೊದಲೇ ಗೆರೆ ಎಳೆದಿಟ್ಟ ನಕ್ಷೆ ಇರುವುದಿಲ್ಲ. ಕೈಗೆ ಬಂದ ತುಂಡಿನ ಬಣ್ಣ, ಅಳತೆ ನೋಡಿ ಪಕ್ಕದ್ದನ್ನು ಆರಿಸುವುದು ಹೊಲಿಯುವವಳ ಕಣ್ಣಿಗೆ ಬಿಟ್ಟದ್ದು. ದೊಡ್ಡ ತುಂಡುಗಳ ಮೇಲೆ ‘ಟಿಕೆಲಿ’ ಎಂಬ ಸಣ್ಣ ಬಣ್ಣದ ತೇಪೆಗಳನ್ನು ಕೂರಿಸುತ್ತಾರೆ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಕೊನೆಗೆ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಪದರಪದರ ಮಡಚಿ ಮಾಡಿದ ‘ಫೂಲ’, ಅಂದರೆ ಹೂವು, ಸೇರಿಸುತ್ತಾರೆ. ಹೂವಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎಂಬುದು ಅವರ ಎಣಿಕೆ. ಹೊದೆಯಲು ಆ ಹೂವಿನ ಅಗತ್ಯವೇನಿಲ್ಲ. ಚೆಲುವಿಗೆಂದೇ ಹೊಲಿದದ್ದು ಅದು. ಬಡತನದ ಮನೆಯಲ್ಲೂ ಅದನ್ನು ಬಿಡದೆ ಹೊಲಿದವರನ್ನು ಕಲಾವಿದೆಯರೆನ್ನಲು ಬೇರೆ ಸಾಕ್ಷಿ ಬೇಡ.

ಸಿದ್ದಿಯರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಇವರಲ್ಲಿದ್ದಾರೆ. ಕೊಂಕಣಿ, ಕನ್ನಡ, ಉರ್ದು, ಮರಾಠಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರ ತಿದ್ದುಪಡಿ ಕಾಯ್ದೆ ಅದನ್ನು ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ವಿಸ್ತರಿಸಿತು.

ದಖ್ಖನಿನಲ್ಲಿ ಆಫ್ರಿಕಾ ಮೂಲದವರ ಭಾವಚಿತ್ರಗಳು ಹೊಸವೇನಲ್ಲ. ಅಹಮದನಗರದ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನ್ ಇಬ್ಬರೂ ಹಬಶಿಗಳು, ಇಬ್ಬರನ್ನೂ ಆ ಕಾಲದ ಚಿತ್ರಕಾರರು ಬರೆದಿದ್ದಾರೆ. ಮುಹಮ್ಮದ್ ಆದಿಲ್ ಶಾಹನ ಜೊತೆ ಇಖ್ಲಾಸ್ ಖಾನ್ ಆನೆಯೇರಿ ಹೊರಟ ಚಿತ್ರ ಹದಿನೇಳನೆಯ ಶತಮಾನದ ಬಿಜಾಪುರದ ಹೆಸರಾಂತ ಕೃತಿ. ಆದರೆ ಅವರು ಅಧಿಕಾರದ ಗಂಡಸರು. ಕಾಡಿನ ಊರಿನಲ್ಲಿ ಗದ್ದೆ ನಾಟಿ ಮಾಡಿ, ಸೌದೆ ಹೊತ್ತು ಬದುಕಿದ ಸಿದ್ದಿ ಹೆಣ್ಣಿನ ಮುಂದೆ ಯಾವ ಆಸ್ಥಾನದ ಚಿತ್ರಕಾರನೂ ಕೂರಲಿಲ್ಲ. ಅವಳು ಉಟ್ಟ ಸೀರೆ, ಗಂಡನ ಅಂಗಿ, ಮಕ್ಕಳ ಲಂಗ ಉಳಿದದ್ದು ಅವಳೇ ಹೊಲಿದ ಕೌದಿಯಲ್ಲಿ.

ಕಡಲಾಚೆಯ ಕಪ್ಪು ಹೆಣ್ಣುಮಕ್ಕಳೂ ಇದೇ ಸೂಜಿದಾರ ಹಿಡಿದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಫೇತ್ ರಿಂಗೋಲ್ಡ್ (1930–2024) ಮೊದಲು ಬಣ್ಣದ ಕಲಾವಿದೆ. 1980ರಲ್ಲಿ, ಹೊಲಿಗೆ ಬಲ್ಲ ತಾಯಿ ವಿಲ್ಲಿ ಪೋಸಿಯ ಜೊತೆಗೂಡಿ ಮೊದಲ ಕೌದಿ ಮಾಡಿದರು. ಆಮೇಲೆ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಜನರನ್ನು ಬರೆದು, ಸುತ್ತ ಬಟ್ಟೆಯ ತುಂಡುಗಳ ಅಂಚು ಹೊಲಿದು, ಅದರ ಮೇಲೆಯೇ ಕಥೆ ಬರೆಯುವ ರೀತಿ ಕಂಡುಕೊಂಡರು. ಅವರ ಕಥೆಗಳ ನಡುವೆ ನಿಂತವರು ಕಪ್ಪು ಹೆಂಗಸರೇ. ನ್ಯೂಜೆರ್ಸಿಯ ಬಿಸಾ ಬಟ್ಲರ್ ಇನ್ನೂ ಮುಂದೆ ಹೋಗಿ ಮುಖ, ಕೂದಲು, ಉಡುಗೆ ಎಲ್ಲವನ್ನೂ ಬಟ್ಟೆಯಿಂದಲೇ ಆಳೆತ್ತರದ ಭಾವಚಿತ್ರವಾಗಿ ಹೊಲಿಯುತ್ತಾರೆ. ಸಿದ್ದಿ ಕೌದಿಯಲ್ಲಿ ಮುಖವಿಲ್ಲ. ಆದರೂ ಅಭ್ಯಾಸದ ಕಣ್ಣಿಗೆ ಬಣ್ಣದ ಆಯ್ಕೆಯಲ್ಲಿ, ಹೊಲಿಗೆಯ ಓಟದಲ್ಲಿ ಹೊಲಿದವಳ ಗುರುತು ಸಿಗುತ್ತದೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಯರ ನಡುವೆ ಅಧ್ಯಯನ ಮಾಡಿದವರು. 2004ರಲ್ಲಿ ಸಿದ್ದಿ ಹೆಣ್ಣುಮಕ್ಕಳ ಕೌದಿ ಸಹಕಾರ ಸಂಘ ರೂಪುಗೊಂಡಿತು; 2011ರಲ್ಲಿ ಈ ಕೌದಿಗಳು ಹಾರ್ಲೆಮ್‌ನ ಷೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ಮನೆಯ ಬಳಕೆಗೆ ಹೊಲಿದದ್ದು ಮಾರಾಟಕ್ಕೂ ಬಂದಾಗ ಅಳತೆ, ಬಣ್ಣ ಕೊಳ್ಳುವವರ ಇಷ್ಟಕ್ಕೆ ತಿರುಗುವ ಭಯ ಇದ್ದೇ ಇದೆ. ಹೊಲಿದವಳ ಹೆಸರು ಕೌದಿಯ ಜೊತೆಗೇ ಹೋಗುವಂತಾದರೆ ಆ ಭಯ ಅರ್ಧ ಕಡಿಮೆ. ಬಟ್ಟೆಯ ತೊಂದರೆ ಮಾತ್ರ ಯಾದಗಿರಿಗೂ ಯಲ್ಲಾಪುರಕ್ಕೂ ಒಂದೇ: ಸೂಜಿಗೆ ಮೆತ್ತಗೆ ಒದಗುವ, ಬೆವರು ಹೀರುವ ಹಳೆಯ ಹತ್ತಿ ಸೀರೆ ಈಗ ಅಪರೂಪ, ಜಾರುವ ಸಿಂಥೆಟಿಕ್ ಸೀರೆಯೇ ಹೆಚ್ಚು.