ಸುಮೋ: ಕಣದಾಚೆಯ ಕುಂಚ ಮತ್ತು ಕಂಠ

ಜಪಾನಿನ ಸುಮೋ ಕುಸ್ತಿಯ ಪಂದ್ಯ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಒಂದು ನಿಮಿಷ ದಾಟಿದರೆ ಅದನ್ನು ದೀರ್ಘ ಸೆಣಸಾಟವೆಂದೇ ಎಣಿಸುತ್ತಾರೆ. ಜೇಡಿಮಣ್ಣನ್ನು ಬಡಿದು ಗಟ್ಟಿಮಾಡಿದ ಜಗಲಿಯ ಮೇಲೆ, ಮಣ್ಣು ತುಂಬಿದ ಭತ್ತದ ಹುಲ್ಲಿನ ಸಿಂಬೆಗಳನ್ನು ಅರ್ಧ ಹೂತು 4.55 ಮೀಟರ್ ವ್ಯಾಸದ ವೃತ್ತವೊಂದನ್ನು ರಚಿಸಿರುತ್ತಾರೆ. ದೊಹ್ಯೋ ಎಂದು ಕರೆಯಲಾಗುವ ಈ ಕಣದಲ್ಲಿ ರಿಕಿಶಿಗಳೆಂಬ ಜಟ್ಟಿಗಳು ಸೆಣಸುವಾಗ, ವೃತ್ತದಿಂದ ಮೊದಲು ಹೊರಬಿದ್ದವನು ಅಥವಾ ಅಂಗಾಲಿನ ಹೊರತು ಮೈಯ ಬೇರೆ ಯಾವುದೇ ಭಾಗವನ್ನು ಮೊದಲು ನೆಲಕ್ಕೆ ತಾಗಿಸಿದವನು ಸೋತಂತೆ. ತೂಕದ ವರ್ಗಗಳಿಲ್ಲದ, ಗೆಲುವಿನ ಪಟ್ಟುಗಳೆಂದು 82 ಬಗೆಗಳನ್ನು ಅಧಿಕೃತವಾಗಿ ಹೆಸರಿಸಿರುವ ಈ ಆಟದ ನಿಯಮಗಳನ್ನು ಮಗುವಿಗೂ ಕ್ಷಣದಲ್ಲಿ ತಿಳಿಸಬಹುದು. ಇಷ್ಟು ಸರಳವೂ ಕ್ಷಣಿಕವೂ ಆದ ಸೆಣಸಾಟ ಎರಡು ಶತಮಾನಗಳಿಗೂ ಮಿಕ್ಕಿ ಜನರ ಬಾಯಲ್ಲಿ ಉಳಿದುಬಂದಿರುವುದರಲ್ಲಿ ಅದನ್ನು ಬರೆದವರ, ಬಣ್ಣಿಸಿದವರ, ಹಣ ಕೊಟ್ಟು ಸಲಹಿದವರ ಪಾಲು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ದೊಡ್ಡದು. ಅವರಲ್ಲಿಯೂ ಚಿತ್ರಕಾರರು ಮತ್ತು ಪ್ರಸಾರಕರು ಅಭಿಮಾನಿ ಬಳಗಕ್ಕೆ ಸೇರಿದ ಪ್ರೇಕ್ಷಕರಾಗಿ ಒಳಬಂದು, ಕ್ರಮೇಣ ಸುಮೋದ ರೂಪವನ್ನೇ ತಿದ್ದಿದರು ಎಂಬುದು ಗಮನಾರ್ಹ.

ಮೊದಲು ಬಂದವರು ಚಿತ್ರಕಾರರು. ಇಂದು ಟೋಕಿಯೋ ಎನಿಸಿಕೊಂಡಿರುವ ಎದೋ ನಗರದಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ವರ್ಣಚಿತ್ರಗಳು ಸಾಮಾನ್ಯರ ಕೈಗೂ ಎಟುಕುವ ಬೆಲೆಗೆ ಸಿಗುತ್ತಿದ್ದವು. ಉಕಿಯೋ-ಎ ಎಂಬ ಈ ಪ್ರಕಾರದಲ್ಲಿ ಕಬುಕಿ ರಂಗಭೂಮಿಯ ನಟರ ಚಿತ್ರಗಳಿಗೆ ದೊಡ್ಡ ಮಾರುಕಟ್ಟೆಯಿತ್ತು. ನಟರ ಮುಖಲಕ್ಷಣಗಳನ್ನು ಗುರುತು ಸಿಗುವಂತೆ ಬಿಡಿಸುವುದರಲ್ಲಿ ಹೆಸರಾಗಿದ್ದ ಕತ್ಸುಕಾವಾ ಶುನ್‌ಶೋ ಮತ್ತು ಅವನ ಶಿಷ್ಯ ಶುನ್‌ಏಯ್ 1780ರ ದಶಕದಲ್ಲಿ ಅದೇ ಕಸುಬನ್ನು ಜಟ್ಟಿಗಳತ್ತ ತಿರುಗಿಸಿದಾಗ, ಅದುವರೆಗೆ ಬರಿಯ ಸ್ಥೂಲಕಾಯಗಳಾಗಿ ಮೂಡುತ್ತಿದ್ದ ರಿಕಿಶಿಗಳಿಗೆ ಸ್ವಂತ ಮೂಗು, ಹುಬ್ಬು, ನಿಲುವುಗಳು ದಕ್ಕಿದವು. ಹೀಗೆ ಸುಮೋ-ಎ ಎಂಬ ಪ್ರತ್ಯೇಕ ಚಿತ್ರಪ್ರಕಾರ ನೆಲೆಗೊಂಡ ಕಾಲದಲ್ಲಿಯೇ, ಅಂದರೆ 1789ರಲ್ಲಿ, ತನಿಕಾಝೆ ಮತ್ತು ಒನೊಗಾವಾ ಎಂಬಿಬ್ಬರಿಗೆ ಯೊಕೊಝುನಾ ಎಂಬ ಪರಮೋಚ್ಚ ಜಟ್ಟಿಯ ಪರವಾನಗಿ ದೊರೆಯಿತು. 1791ರಲ್ಲಿ ಷೋಗನ್ ತೊಕುಗಾವಾ ಇಯೆನಾರಿಯ ಸಮ್ಮುಖದಲ್ಲಿ ಪಂದ್ಯಗಳು ನಡೆದವು. ಅಗ್ರವಿಭಾಗದಲ್ಲಿ 254 ಗೆಲುವು, ಕೇವಲ 10 ಸೋಲು ಎಂಬ ದಾಖಲೆ ಬಿಟ್ಟುಹೋದ ರಾಯ್ದೆನ್ ಕೂಡ ಇದೇ ಪೀಳಿಗೆಯವನು. ಅವನ ಪಂದ್ಯಗಳನ್ನು ಎಂದೂ ಕಾಣದವರೂ ಅವನ ಮುಖವನ್ನು ಬಲ್ಲವರಾಗಿದ್ದರು. ಜಟ್ಟಿಯೊಬ್ಬನನ್ನು ದೂರದಿಂದ ಮೆಚ್ಚಿ, ಅವನ ಚಿತ್ರವನ್ನು ಮನೆಗೆ ತಂದಿಟ್ಟುಕೊಳ್ಳುವ ಅಭಿಮಾನಿ ಹುಟ್ಟಿದ್ದು ಈ ಅಚ್ಚುಗಳಿಂದ. ನಿಗೂಢ ಚಿತ್ರಕಾರ ಷರಾಕು 1794ರಲ್ಲಿ ದಾಯ್ದೊಝಾನ್ ಎಂಬ ದೈತ್ಯಗಾತ್ರದ ಬಾಲಕನನ್ನು ಬಿಡಿಸಿದ್ದೂ ಈ ಕುತೂಹಲಕ್ಕೆ ಉತ್ತರವಾಗಿಯೇ. ಆ ಹುಡುಗನ ಕೆಲಸ ಸೆಣಸುವುದಾಗಿರದೆ, ಕಣಪ್ರವೇಶದ ವಿಧಿಯಲ್ಲಿ ಜನರಿಗೆ ಮೈ ತೋರಿಸುವುದಷ್ಟೇ ಆಗಿತ್ತು.

ಚಿತ್ರಕಲೆಯೊಡನೆ ಲಿಪಿಕಲೆಯೂ ಸೇರಿಕೊಂಡಿರುವ ಇನ್ನೊಂದು ವಸ್ತು ಬಂಝುಕೆ, ಅಂದರೆ ಪ್ರತಿ ಪಂದ್ಯಾವಳಿಗೆ ಮುನ್ನ ಪ್ರಕಟವಾಗುವ ಶ್ರೇಯಾಂಕ ಪಟ್ಟಿ. ಇದನ್ನು ಕೈಯಲ್ಲಿ ಹಿಡಿದು ನೋಡದೆ ಸುಮೋದ ಅಂತಸ್ತಿನ ಕಲ್ಪನೆ ಬರುವುದು ಕಷ್ಟ. ದೊಡ್ಡ ಹಾಳೆಯೊಂದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಅಕ್ಷರಪಂಕ್ತಿ, ಅದರ ಬಲಕ್ಕೆ ಪೂರ್ವ ಪಕ್ಷದವರು, ಎಡಕ್ಕೆ ಪಶ್ಚಿಮ ಪಕ್ಷದವರು. ಮೇಲಿನ ಸಾಲಿನ ಯೊಕೊಝುನಾನ ಹೆಸರು ಹೆಬ್ಬೆರಳ ದಪ್ಪದ ಮಸಿಯಲ್ಲಿ ಮೆರೆದರೆ, ಸಾಲಿನಿಂದ ಸಾಲಿಗೆ ಅಕ್ಷರ ಸೊರಗುತ್ತ ಹೋಗಿ ಕೊನೆಯ ಸಾಲಿನಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗರ ಹೆಸರುಗಳು ಕೂದಲೆಳೆಯಂತೆ ಒತ್ತೊತ್ತಾಗಿ ನಿಂತಿರುತ್ತವೆ. ಭೂತಗನ್ನಡಿ ಹಿಡಿಯದೆ ಓದಲಾಗದ ಆ ಸಾಲಿಗೆ ಜಪಾನೀಯರು ಭೂತಗನ್ನಡಿ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಬಿಳಿಯ ಜಾಗ ಆದಷ್ಟೂ ಉಳಿಯದಂತೆ ಅಕ್ಷರಗಳನ್ನು ಕೊಬ್ಬಿಸಿ ಬರೆಯುವ ಈ ಶೈಲಿಯ ಹಿಂದೆ, ಪ್ರೇಕ್ಷಾಂಗಣದಲ್ಲಿಯೂ ಹಾಗೆಯೇ ಖಾಲಿ ಜಾಗ ಉಳಿಯದಿರಲಿ ಎಂಬ ಹಾರೈಕೆಯಿದೆ. ಇದನ್ನು ಬರೆಯುವವರು ಹೊರಗಿನ ಕಲಾವಿದರಲ್ಲ; ಕಣದಲ್ಲಿ ತೀರ್ಪು ಕೊಡುವ ಗ್ಯೋಜಿಗಳೇ ಹಲವು ದಿನ ಕುಳಿತು ಕುಂಚದಿಂದ ಬರೆಯುತ್ತಾರೆ, ಆಮೇಲೆ ಅದನ್ನು ಕಿರಿದುಗೊಳಿಸಿ ಮುದ್ರಿಸಲಾಗುತ್ತದೆ. ಗಣಕಯಂತ್ರದ ಕಾಲದಲ್ಲಿಯೂ ಈ ಪದ್ಧತಿಯನ್ನು ಬಿಡದಿರುವುದು ಬರಿಯ ಹಟದಂತೆ ತೋರಬಹುದಾದರೂ, ಬಂಝುಕೆ ಪ್ರಕಟವಾಗುವ ಬೆಳಗ್ಗೆ ಅದನ್ನು ಕೊಳ್ಳಲು ಬರುವವರ ಉತ್ಸಾಹ ನೋಡಿದರೆ ಹಟಕ್ಕೆ ಬೆಲೆಯಿದೆ ಎನ್ನಬೇಕಾಗುತ್ತದೆ.

ಚಿತ್ರ ಜಟ್ಟಿಗೆ ಮುಖ ಕೊಟ್ಟರೆ, ಬಾನುಲಿ ಸುಮೋದ ಕಾಲವನ್ನೇ ತಿದ್ದಿತು. ಪಂದ್ಯಕ್ಕೆ ಮುನ್ನ ಇಬ್ಬರೂ ರಿಕಿಶಿಗಳು ಉಪ್ಪು ಎರಚಿ, ಎದುರುಬದುರಾಗಿ ಮಂಡಿ ಮಡಚಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಮತ್ತೆ ಎದ್ದು ಮೂಲೆಗೆ ಹೋಗಿ ಬರುವ ಕ್ರಮವೊಂದಿದೆ. ಶಿಕಿರಿ ಎನ್ನುವ ಈ ಸನ್ನಾಹಕ್ಕೆ ಹಿಂದೆ ಯಾವ ಕಾಲಮಿತಿಯೂ ಇರಲಿಲ್ಲ; ಇಬ್ಬರ ಉಸಿರೂ ಒಂದಾದಾಗ ತಾವಾಗಿ ನೆಗೆಯುವುದೇ ವಾಡಿಕೆಯಾಗಿತ್ತು. 1928ರ ಜನವರಿಯಲ್ಲಿ ಬಾನುಲಿಯ ನೇರಪ್ರಸಾರ ಆರಂಭವಾದಾಗ, ಗೊತ್ತುಪಡಿಸಿದ ಹೊತ್ತಿಗೆ ಪ್ರಸಾರ ಮುಗಿಯಬೇಕಾದ ನಿರ್ಬಂಧದಿಂದ ಅಗ್ರವಿಭಾಗದ ಶಿಕಿರಿಗೆ 10 ನಿಮಿಷಗಳ ಮಿತಿಯನ್ನು ಹಾಕಬೇಕಾಯಿತು. ಮುಂದೆ ಅದು ಇಳಿಯುತ್ತ ಬಂದು ಈಗ 4 ನಿಮಿಷಕ್ಕೆ ನಿಂತಿದೆ. ಇಬ್ಬರ ನಡುವಿನ ಅಂತರವನ್ನು ಗುರುತಿಸುವ ಎರಡು ಬಿಳಿಯ ಗೆರೆಗಳು ಕಣದ ನಡುವೆ ಮೂಡಿದ್ದೂ ಅದೇ ವರ್ಷ. ಮನೆಯಲ್ಲೇ ಕೂತು ಕೇಳುವಂತಾದರೆ ಅಂಗಣಕ್ಕೆ ಬರುವವರಾರು ಎಂಬ ಆತಂಕ ಸುಮೋ ಸಂಘದಲ್ಲಿತ್ತು. ಆದದ್ದು ಅದಕ್ಕೆ ತದ್ವಿರುದ್ಧ. ಆ ಮೊದಲ ಪ್ರಸಾರವನ್ನು ನಿರ್ವಹಿಸಿದ ಮತ್ಸುಉಚಿ ನೊರಿಝೋ ಮತ್ತು ಮುಂದಿನ ಪೀಳಿಗೆಯ ವಾದಾ ಶಿನ್‌ಕೆನ್ ಮನೆಮಾತಾದರು. ಸತತ 69 ಪಂದ್ಯಗಳನ್ನು ಗೆದ್ದಿದ್ದ ಯೊಕೊಝುನಾ ಫುತಾಬಯಾಮಾ 1939ರ ಜನವರಿಯಲ್ಲಿ ಅಕಿನೊಉಮಿ ಎಂಬ ಹೊಸಬನ ಕೈಯಲ್ಲಿ ಬಿದ್ದದ್ದನ್ನು ಕಣ್ಣಾರೆ ಕಂಡವರು ಒಂದು ಅಂಗಣದಷ್ಟು ಜನ. ವಾದಾರ ದನಿಯಲ್ಲಿ ಕೇಳಿದವರು ದೇಶದ ಉದ್ದಗಲಕ್ಕೂ ಇದ್ದರು.

ದೂರದರ್ಶನ ಕಣದ ವಾಸ್ತುವಿಗೇ ಕೈಹಾಕಿತು ಎಂದರೂ ಸಲ್ಲುತ್ತದೆ. ಶಿಂತೋ ದೇಗುಲದ ಮಾದರಿಯ ಚಾವಣಿಯನ್ನು ಹೊತ್ತು ದೊಹ್ಯೋದ ನಾಲ್ಕು ಮೂಲೆಗಳಲ್ಲಿ ನಿಂತಿದ್ದ ಕಂಬಗಳು ನೋಟಕ್ಕೆ ಅಡ್ಡಬರುತ್ತವೆಂದು 1952ರಲ್ಲಿ ಅವನ್ನು ತೆಗೆದು, ಚಾವಣಿಯನ್ನು ಮೇಲಿನಿಂದ ತೂಗುಬಿಡಲಾಯಿತು. ಕಂಬಗಳ ನೆನಪಿಗೆ ಹಸಿರು, ಕೆಂಪು, ಬಿಳಿ, ಕಪ್ಪು ಬಣ್ಣದ ನಾಲ್ಕು ಕುಚ್ಚುಗಳು ಮೂಲೆಗಳಿಂದ ಇಳಿಬಿದ್ದವು. ಮರುವರ್ಷವೇ ದೂರದರ್ಶನದ ಪ್ರಸಾರ ಮೊದಲಾಯಿತು. 1969ರ ಮಾರ್ಚ್‌ನಲ್ಲಿ ಯೊಕೊಝುನಾ ತಾಯ್‌ಹೋನ 45 ಗೆಲುವುಗಳ ಸರಣಿ ತೋದಾನೆದುರು ಕಡಿದುಬಿತ್ತು. ಎದುರಾಳಿಯ ಕಾಲೇ ಮೊದಲು ಹೊರಗೆ ಬಿದ್ದಿತ್ತೆಂಬುದು ಚಿತ್ರಗಳಲ್ಲಿ ಬಯಲಾಯಿತು. ತೀರ್ಪು ಬದಲಾಗಲಿಲ್ಲ, ಆದರೆ ಮುಂದಿನ ಪಂದ್ಯಾವಳಿಯಿಂದಲೇ ವಿವಾದಿತ ತೀರ್ಪುಗಳಿಗೆ ವಿಡಿಯೋ ನೆರವು ಪಡೆಯುವ ಪದ್ಧತಿ ಜಾರಿಗೆ ಬಂದಿತು. ಪರಂಪರೆಗೆ ಕಟ್ಟುಬಿದ್ದದ್ದೆಂದು ಹೆಸರಾದ ಆಟವೊಂದು ಬೇರೆ ಹಲವು ಆಟಗಳಿಗಿಂತ ಬಹಳ ಮೊದಲೇ ಯಂತ್ರದ ಕಣ್ಣನ್ನು ನಂಬಿದ್ದು ಸ್ವಾರಸ್ಯದ ಸಂಗತಿ. ಅದೇ ಪ್ರಸಾರದಲ್ಲಿ ಸಾರ್ವಜನಿಕ ಸಂಸ್ಥೆಯಾದ ಎನ್‌ಎಚ್‌ಕೆ ಜಾಹೀರಾತಿಗೆ ಎಡೆಗೊಡಬಾರದೆಂಬ ಕಾರಣಕ್ಕೆ, ಪ್ರಾಯೋಜಕರ ಬಹುಮಾನದ ಪತಾಕೆಗಳನ್ನು ಹಿಡಿದು ಸೇವಕರು ಕಣ ಸುತ್ತುವಾಗ ಕ್ಯಾಮೆರಾವನ್ನು ಜಾಣತನದಿಂದ ದೂರಕ್ಕೆ ಸರಿಸುವುದನ್ನೂ ಗಮನಿಸಬಹುದು.

ಈ ಕುಂಚ ಮತ್ತು ಕಂಠಗಳನ್ನು ಬರಮಾಡಿಕೊಂಡ ಬಳಗವೂ ಸಡಿಲವಾದ ಗುಂಪೇನಲ್ಲ. ರಿಕಿಶಿಗಳು ಒಟ್ಟಾಗಿ ವಾಸಿಸಿ ತಾಲೀಮು ಮಾಡುವ ಗರಡಿಗೆ ಹೇಯಾ ಎಂದು ಹೆಸರು. ಪ್ರತಿ ಹೇಯಾದ ಬೆನ್ನಿಗೂ ಕೋಎನ್‌ಕಾಯ್ ಎಂಬ ಪೋಷಕ ಮಂಡಳಿಯಿರುತ್ತದೆ. ಮೇಲಿನ ಎರಡು ವಿಭಾಗಗಳಿಗೆ ಏರಿದ ರಿಕಿಶಿ ಕಣಪ್ರವೇಶದಲ್ಲಿ ಉಡುವ, ರೇಷ್ಮೆಯ ಮೇಲೆ ಕಸೂತಿ ಹಾಕಿದ ಕೆಶೋ-ಮವಾಶಿ ಎಂಬ ಮುಂಗವಚವನ್ನು ಸಾಮಾನ್ಯವಾಗಿ ಇಂಥ ಮಂಡಳಿಗಳೇ ಮಾಡಿಸಿಕೊಡುತ್ತವೆ. ಧಾರಾಳಿಯಾದ ಪೋಷಕನನ್ನು ತನಿಮಾಚಿ ಎಂದು ಕರೆಯುವುದು ವಾಡಿಕೆ. ಒಸಾಕಾ ನಗರದ ಆ ಹೆಸರಿನ ಬಡಾವಣೆಯ ವೈದ್ಯನೊಬ್ಬ ಜಟ್ಟಿಗಳಿಂದ ಹಣ ಪಡೆಯದೆ ಚಿಕಿತ್ಸೆ ಮಾಡುತ್ತಿದ್ದನೆಂಬ ಕಥೆ ಅದಕ್ಕೆ ಮೂಲವೆನ್ನುತ್ತಾರೆ. ಹಣವಿಲ್ಲದವನಿಗೂ ಇಲ್ಲಿ ಸ್ಥಾನವಿದೆ: ರಿಕಿಶಿ ಅಂಗೈಗೆ ಮಸಿ ಬಳಿದು ದಪ್ಪ ರಟ್ಟಿನ ಮೇಲೆ ಒತ್ತಿ, ಪಕ್ಕದಲ್ಲಿ ಕುಂಚದಿಂದ ಹೆಸರು ಬರೆದುಕೊಡುವ ತೆಗಾತಾ ಎಂಬ ಹಸ್ತಮುದ್ರೆಯನ್ನು ಸಂಗ್ರಹಿಸುವವರು ಲೆಕ್ಕವಿಲ್ಲದಷ್ಟು.

ಅಮೆರಿಕದ ಕಲಾವಿದೆ ಲಿನ್ ಮತ್ಸುವೋಕಾ ಸೇರಿಕೊಂಡದ್ದು ಇಂಥ ಬಳಗವನ್ನು. 1970ರ ದಶಕದಿಂದ ದಶಕಗಳ ಕಾಲ ಜಪಾನಿನಲ್ಲಿದ್ದು, ಒಂದು ಕಡೆ ಕಬುಕಿ ನಟರನ್ನೂ ಇನ್ನೊಂದು ಕಡೆ ರಿಕಿಶಿಗಳನ್ನೂ ಸ್ಥಳದಲ್ಲೇ ಕೂತು ಚಿತ್ರಿಸುತ್ತ ಬಂದ ಅವರು, ಎನ್‌ಎಚ್‌ಕೆಯ ಇಂಗ್ಲಿಷ್ ಪ್ರಸಾರದಲ್ಲಿ ಸುಮೋ ವಿವರಣೆಯನ್ನೂ ನೀಡಿದರು. ನಟ ಮತ್ತು ಜಟ್ಟಿಯನ್ನು ಒಂದೇ ಕೈ ಚಿತ್ರಿಸುವ ಶುನ್‌ಶೋನ ಕಾಲದ ಜೋಡಿ ಇಲ್ಲಿ ಮತ್ತೆ ಕಾಣಿಸಿಕೊಂಡಿತೆನ್ನಬಹುದು. ಗರಡಿಯಲ್ಲಿ ಕೂತು ಚಿತ್ರ ಬರೆಯುವುದು ಸುಲಭದ ಕೆಲಸವಲ್ಲ. ಬೆಳಗಿನ ತಾಲೀಮು ನಡೆಯುವಾಗ ಹೊರಗಿನವರು ಮಣ್ಣಿನ ಅಂಕಣದ ಅಂಚಿನ ಮರದ ಜಗಲಿಯ ಮೇಲೆ ಸದ್ದಿಲ್ಲದೆ ಕೂರಬೇಕು, ಕಾಲು ಚಾಚಿ ಅಂಗಾಲನ್ನು ದೊಹ್ಯೋದತ್ತ ತೋರಬಾರದು, ನಡುವೆ ಎದ್ದು ಓಡಾಡಬಾರದು. ಎದುರಿಗಿರುವ ಮೈಗಳಂತೂ ಒಂದು ಗಳಿಗೆಯೂ ನಿಲ್ಲುವುದಿಲ್ಲ. ರಿಕಿಶಿ ಅಲುಗಾಡದೆ ಕೂರುವುದು ತೊಕೊಯಾಮಾ ಎಂಬ ಕೇಶಶಿಲ್ಪಿಗೆ ತಲೆಯೊಪ್ಪಿಸಿದಾಗ ಮಾತ್ರ. ಆತ ಸುವಾಸನೆಯ ಮೇಣದಂಥ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿ ಕೂದಲಿಗೆ ತಿಕ್ಕಿ, ಹಣಿಗೆಗಳನ್ನು ಬದಲಿಸುತ್ತ ಬಾಚಿ, ಹಿಂದಕ್ಕೆಳೆದು ದಾರ ಕಟ್ಟಿ, ತುದಿಯನ್ನು ಮುಂದಕ್ಕೆ ಮಡಚಿ ಗಿಂಕ್ಗೋ ಎಲೆಯಂತೆ ಬಿಡಿಸುವಷ್ಟರಲ್ಲಿ, ಚಿತ್ರಕಾರರಿಗೆ ಬೇಕಾದ ಬಿಡುವು ಸಿಕ್ಕಿರುತ್ತದೆ.

ಮತ್ಸುವೋಕಾ ಒಬ್ಬಂಟಿಯಲ್ಲ. ಕೇಂಬ್ರಿಜ್‌ನಲ್ಲಿ ದೇವತಾಶಾಸ್ತ್ರ ಮತ್ತು ಪ್ರಾಚೀನ ಯುರೋಪಿನ ಸಾಹಿತ್ಯ ಓದಿ 1973ರಲ್ಲಿ ಜಪಾನಿಗೆ ಬಂದ ಬ್ರಿಟನ್ನಿನ ಡೊರೀನ್ ಸಿಮನ್ಸ್, ಮೊದಲು ಸಾಮಾನ್ಯ ಪ್ರೇಕ್ಷಕಿಯಾಗಿ, ಆಮೇಲೆ ಅಂಕಣಕಾರ್ತಿಯಾಗಿ, 1992ರಿಂದ ಎನ್‌ಎಚ್‌ಕೆ ಇಂಗ್ಲಿಷ್ ಪ್ರಸಾರದ ವಿವರಣೆಕಾರ್ತಿಯಾಗಿ ಕಾಲು ಶತಮಾನ ದುಡಿದರು. 2017ರಲ್ಲಿ ಜಪಾನ್ ಸರ್ಕಾರ ಅವರಿಗೆ ಉದಯರವಿ ಪದಕ ನೀಡಿತು. ಹೆವಿ ಮೆಟಲ್ ಗಾಯಕ ಡೆಮನ್ ಕಾಕ್ಕಾ ತನ್ನ ಎಂದಿನ ಬಿಳಿ-ಕಪ್ಪು ರಾಕ್ಷಸ ಬಣ್ಣದಲ್ಲಿಯೇ 2006ರ ಜನವರಿಯಲ್ಲಿ ಸುಮೋ ನೇರಪ್ರಸಾರಕ್ಕೆ ಅತಿಥಿಯಾಗಿ ಬಂದಾಗ ಮೊದಲು ಹುಬ್ಬೇರಿಸಿದವರೂ, ಹಳೆಯ ಪಂದ್ಯಗಳನ್ನು ಆತ ನೆನಪಿನಿಂದ ಹೆಕ್ಕಿ ಹೇಳುವ ಖಚಿತತೆಗೆ ತಲೆದೂಗಬೇಕಾಯಿತು. ದೂರದರ್ಶನ ನಾಟಕಗಳ ಲೇಖಕಿ ಉಚಿದಾತೆ ಮಾಕಿಕೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. 1992ರಲ್ಲಿ ಸುಮೋ ಪ್ರಿಯೆಯಾದ ತರುಣಿಯನ್ನು ನಾಯಕಿಯಾಗಿಸಿ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿ ‘ಹಿರಾರಿ’ಯನ್ನು ಬರೆದ ಅವರು, 2000ದಲ್ಲಿ ಯೊಕೊಝುನಾ ಬಡ್ತಿಯ ಬಗ್ಗೆ ಸಲಹೆ ನೀಡುವ ಹೊರಗಿನವರ ಸಮಿತಿಗೆ ಮೊದಲ ಮಹಿಳಾ ಸದಸ್ಯೆಯಾದರು; ಬಳಿಕ ತೊಹೊಕು ವಿಶ್ವವಿದ್ಯಾಲಯ ಸೇರಿ ದೊಹ್ಯೋದ ಧಾರ್ಮಿಕ ಹಿನ್ನೆಲೆಯನ್ನು ಅಧ್ಯಯನ ಮಾಡಿ, ಅಲ್ಲಿನ ಸುಮೋ ತಂಡದ ನಿರ್ದೇಶಕಿಯೂ ಆದರು.

ಇವರಲ್ಲಿ ಮೂವರು ಹೆಂಗಸರೆಂಬುದು, ಹೆಂಗಸರು ದೊಹ್ಯೋ ಹತ್ತಬಾರದೆಂಬ ಸಂಘದ ನಿಷೇಧದೊಡನೆ ಇಟ್ಟು ನೋಡಬೇಕಾದ ವಿಷಯ. 2000ದಲ್ಲಿ ಒಸಾಕಾ ಪ್ರಾಂತ್ಯದ ಗವರ್ನರ್ ಓತಾ ಫುಸಾಯೆ ಅವರಿಗೆ ಕಣದ ಮೇಲೆ ಬಹುಮಾನ ಕೊಡಲು ಅವಕಾಶ ಸಿಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಮಾಯ್‌ಝುರು ಪಟ್ಟಣದಲ್ಲಿ ಭಾಷಣ ಮಾಡುತ್ತ ಕಣದ ಮೇಲೆ ಕುಸಿದುಬಿದ್ದ ಮೇಯರನ್ನು ಉಳಿಸಲು ಧಾವಿಸಿದ ಮಹಿಳೆಯರಿಗೆ ಕೆಳಗಿಳಿಯುವಂತೆ ಧ್ವನಿವರ್ಧಕದಲ್ಲಿ ಹೇಳಿದ್ದಕ್ಕೆ ಸಂಘ ಕ್ಷಮೆ ಕೇಳಬೇಕಾಯಿತು. ನಿಷೇಧ ಮಾತ್ರ ಉಳಿದಿದೆ. ಉಚಿದಾತೆಯವರು ಈ ನಿಷೇಧವನ್ನು ಸಮರ್ಥಿಸುವ ಪಕ್ಷದವರಾಗಿದ್ದರು. ಒಪ್ಪುವುದು ಕಷ್ಟವಾದರೂ, ಅಭಿಮಾನಿ ಎಂದರೆ ಸಂಘದ ಮಾತಿಗೆ ಗೋಣು ಆಡಿಸುವವನು ಎಂದೇನೂ ಆಗಬೇಕಿಲ್ಲ ಎಂಬುದಕ್ಕೂ ಅವರೇ ಸಾಕ್ಷಿ, ಏಕೆಂದರೆ ಯೊಕೊಝುನಾ ಅಸಾಶೋರ್ಯೂನ ನಡವಳಿಕೆಯನ್ನು ಅವರಷ್ಟು ಕಟುವಾಗಿ ಟೀಕಿಸಿದವರು ವಿರಳ. ಪ್ರಸಾರಕರೂ ಮುನಿದದ್ದುಂಟು: ರಿಕಿಶಿಗಳ ಜೂಜಿನ ಹಗರಣದ ಹಿನ್ನೆಲೆಯಲ್ಲಿ ಎನ್‌ಎಚ್‌ಕೆ 2010ರ ಜುಲೈನ ನಗೋಯಾ ಪಂದ್ಯಾವಳಿಯ ನೇರಪ್ರಸಾರವನ್ನು ಕೈಬಿಟ್ಟಿತು, ಮರುವರ್ಷ ಪೂರ್ವನಿಶ್ಚಿತ ಪಂದ್ಯಗಳ ವಿಷಯ ಬಯಲಾಗಿ ಮಾರ್ಚ್ ಪಂದ್ಯಾವಳಿಯೇ ರದ್ದಾಯಿತು.

ವರ್ಷಕ್ಕೆ ಆರು ಪಂದ್ಯಾವಳಿಗಳು, ಒಂದೊಂದೂ 15 ದಿನ: ಜನವರಿ, ಮೇ, ಸೆಪ್ಟೆಂಬರ್‌ಗಳಲ್ಲಿ ಟೋಕಿಯೋದ ರ್‍ಯೋಗೊಕು ಬಡಾವಣೆಯ ಕೊಕುಗಿಕಾನ್ ಅಂಗಣದಲ್ಲಿ, ಮಾರ್ಚ್‌ನಲ್ಲಿ ಒಸಾಕಾ, ಜುಲೈನಲ್ಲಿ ನಗೋಯಾ, ನವೆಂಬರ್‌ನಲ್ಲಿ ಫುಕುಓಕಾ. ದಿನದ ಕೊನೆಯ ಪಂದ್ಯ ಅಲ್ಲಿ ಸಂಜೆ ಆರಕ್ಕೆ ತುಸು ಮುನ್ನ, ಅಂದರೆ ಭಾರತದಲ್ಲಿ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಮುಗಿಯುತ್ತದೆ. ಎನ್‌ಎಚ್‌ಕೆ ವರ್ಲ್ಡ್ ವಾಹಿನಿಯ ಇಂಗ್ಲಿಷ್ ವಿವರಣೆಯೊಡನೆ ಮೊದಲ ಬಾರಿ ನೋಡುವವರು ಬಂಝುಕೆಯ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಯಾವ ಸಾಲಿನವನು ಯಾವ ಸಾಲಿನವನನ್ನು ಕೆಡವುತ್ತಿದ್ದಾನೆಂದು ಗುರುತಿಸುತ್ತ ಹೋದರೆ, ಯೊಕೊಝುನಾ ಬಿದ್ದ ಕೂಡಲೇ ಪ್ರೇಕ್ಷಕರು ಕೂತಿದ್ದ ದಿಂಬುಗಳನ್ನು ಗಾಳಿಗೆ ತೂರುವುದೇಕೆಂಬುದು ಎರಡು ಮೂರು ದಿನಗಳಲ್ಲಿ ತಾನಾಗಿ ತಿಳಿಯುತ್ತದೆ.